ಏಣಿಯ ಹಿಂದಿನ ತುದಿ

ಬೊಜ್ಜದ ಊಟ, ಅಂದರೆ ಸತ್ತ ಹದಿಮೂರನೇ ದಿನದ ಊಟ, ಮುಗಿದ ಮರುದಿನ ಬೆಳಿಗ್ಗೆ ಏಳೂವರೆಗೆ ಶಾಮಿಯಾನದ ಅಬ್ದುಲ್ ಸಲಾಂ ತಮ್ಮ ಬಿಳಿ ಪಿಕಪ್ ತಂದು ಅಂಗಳದಲ್ಲಿ ನಿಲ್ಲಿಸಿದರು. ಹದಿಮೂರು ದಿನ ಜನ ತುಂಬಿದ್ದ ಮನೆಯಲ್ಲಿ ಈಗ ಅತ್ತೆ ಮತ್ತು ನಾನು ಇಬ್ಬರೇ. ಹಾಲಿನವ ಎಂದಿನಂತೆ ಒಂದು ಲೀಟರ್ ಇಟ್ಟು ಹೋಗಿದ್ದ. ಅದರಲ್ಲಿ ಅರ್ಧ ಜಿತೇಶನ ಚಹಾಕ್ಕೆ ಹೋಗುತ್ತಿತ್ತು. ನಾಳೆಯಿಂದ ಅರ್ಧ ಸಾಕು ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಜಿತೇಶ್ ನನ್ನ ಗಂಡ. ಪೊಲೀಸ್ ಠಾಣೆಯಲ್ಲಿ ರೈಟರ್, ಅಂದರೆ ಬಂದವರ ದೂರು ಕೇಳಿ ಕಂಪ್ಯೂಟರಿಗೆ ಹಾಕುವವ. ಠಾಣೆಯ ಹೆಸರು ಇಲ್ಲಿ ಬರೆಯುವುದಿಲ್ಲ; ಅಲ್ಲಿರುವ ಕೆಲವರಿಗೆ ಇನ್ನೂ ಸರ್ವಿಸ್ ಉಂಟು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆಗೆ ಬಸ್ಸು ಸಿಗುವ, ಆದರೆ ಮೂರೂ ಕಡೆಯವರು ತಮ್ಮದಲ್ಲ ಎನ್ನುವ ಜಾಗ ಎಂದರೆ ಸಾಕು.

ಸಲಾಂ ಕುರ್ಚಿಗಳನ್ನು ಹೇರಿ, ಪಂದಲದ ಕಂಬಗಳಿಗೆ ಸುತ್ತಿದ್ದ ಬಿಳಿ ಬಟ್ಟೆ ಬಿಚ್ಚುತ್ತ ಬಂದರು. ಹಿಂದಿನ ಅಂಗಳದ ಟ್ಯಾಂಕಿನ ಪಕ್ಕದ ಕಂಬದ ಬಟ್ಟೆ ಬಿಚ್ಚಿದಾಗ ಒಳಗಿನಿಂದ ಕಂಬ ಬರಲಿಲ್ಲ. ಹಸಿರು ಬಣ್ಣ ಬಳಿದ ಕಬ್ಬಿಣದ ಏಣಿ ಬಂತು. ಅದರ ಮೂರನೇ ಮೆಟ್ಟಿಲಿನಲ್ಲಿ, ಬಟ್ಟೆಯ ಸಂದಿನಿಂದ ಯಾರೋ ಸಿಕ್ಕಿಸಿದ ಒಂದು ಕರಿ ಕೊಡೆ ನೇತಾಡುತ್ತಿತ್ತು.

"ಅಕ್ಕ, ಇದು ನಮ್ಮದಲ್ಲ," ಎಂದರು ಸಲಾಂ. "ಆ ದಿನ ಒಂದು ಕಂಬ ಕಮ್ಮಿ ಬಿತ್ತು. ಏಣಿ ಇಲ್ಲೇ ನಿಂತಿತ್ತು. ನಿಮ್ಮವರ ಠಾಣೆಯ ಪೊಲೀಸರೇ ನಾಲ್ಕು ಜನ ಹಿಡಿದು ನೆಟ್ಟಗೆ ಮಾಡಿ ಕೊಟ್ಟರು. ಕೊಡೆಯೂ ನಮ್ಮದಲ್ಲ."

"ಕೊಡೆ ಬಂದವರದ್ದು ಯಾರದ್ದೋ. ಕೇಳಿಕೊಂಡು ಬರ್ತಾರೆ," ಎಂದರು ಅತ್ತೆ. ನನ್ನ ಅತ್ತೆ ಸುಂದರಿ ಯಾವ ವಸ್ತುವಿನ ಬಗ್ಗೆಯೂ ಗಾಬರಿಯಾಗುವವರಲ್ಲ. ಅದು ಆ ಬೆಳಿಗ್ಗೆ ಎಂಟು ಗಂಟೆಯವರೆಗಿನ ಮಾತು.

ಏಣಿ ಯಾರದ್ದೆಂದು ನನಗೆ ಗೊತ್ತಿತ್ತು. ಏಳನೇ ತಾರೀಕು ಭಾನುವಾರ ನಾನು ವಿಟ್ಲದಲ್ಲಿ ತಾಯಿಮನೆಯಲ್ಲಿದ್ದೆ. ಜಿತೇಶ್ ಫೋನಿನಲ್ಲಿ ಹೇಳಿದ್ದ: "ಸಂಪತ್ತಣ್ಣನ ಏಣಿ ತಂದು ಟ್ಯಾಂಕ್ ತೊಳೆದೆ. ನಾಳೆ ಕೊಟ್ಟು ಬರ್ತೇನೆ." ಸೋಮವಾರ ಡ್ಯೂಟಿ ಇತ್ತು. ಮಂಗಳವಾರ ಜ್ವರ ಬಂತು. ಬುಧವಾರ ಮಂಗಳೂರಿನ ಆಸ್ಪತ್ರೆಯಲ್ಲಿ ಇಲಿಜ್ವರ ಎಂದರು. ಹತ್ತೊಂಬತ್ತನೇ ತಾರೀಕಿಗೆ ಮುಗಿಯಿತು.

"ಇವತ್ತು ಕೊಟ್ಟು ಬರುವ," ಎಂದೆ.

"ಹದಿನೆಂಟು ಅಡಿ ಕಬ್ಬಿಣ. ಒಬ್ಬರಿಂದ ಹೊರಲಿಕ್ಕೆ ಆಗುವುದಿಲ್ಲ. ಯಾರಾದರೂ ಗಂಡಸರು ಬರಲಿ," ಎಂದರು ಅತ್ತೆ.

ಎಂಟು ಗಂಟೆಗೆ ಒಬ್ಬ ಗಂಡಸು ಬಂದ. ಆದರೆ ಅವನು ಹೊರಿಸಲಿಕ್ಕೆ ಬಂದವನೇ ಹೊರತು ಹೊರಲಿಕ್ಕೆ ಬಂದವನಲ್ಲ.

ಹೆಡ್ ಕಾನ್ಸ್‌ಟೇಬಲ್ ನೋಣಯ್ಯ ಬೈಕನ್ನು ಗೇಟಿನ ಹೊರಗೇ ನಿಲ್ಲಿಸಿ, ಟೋಪಿ ಕೈಯಲ್ಲಿ ಹಿಡಿದು ಬಂದ. ಇಪ್ಪತ್ತಾರು ವರ್ಷ ಸರ್ವಿಸಿನ ಮನುಷ್ಯ. ಜಿತೇಶ್ ಆಸ್ಪತ್ರೆ ಸೇರಿದ ದಿನದಿಂದ ಅವನ ಮೇಜಿನಲ್ಲಿ ಕೂತವನು. ಜಗುಲಿಯ ತುದಿಯಲ್ಲಿ ಕೂತು ಒಂದು ಲೋಟ ಚಹಾ ಪೂರ್ತಿ ಕುಡಿದ.

"ಅಕ್ಕ, ಬೆಂಗಳೂರಿನಿಂದ ತಂಡ ಬಂದಿದೆ. ನಾವು ಅಪರಾಧ ಬರೆಯುವುದು ಸರಿ ಉಂಟಾ ಅಂತ ನೋಡಲಿಕ್ಕೆ."

"ಹಿಡಿಯುವುದು ಸರಿ ಉಂಟಾ ಅಂತ ನೋಡುವುದಿಲ್ಲವಾ?" ಎಂದರು ಅತ್ತೆ.

"ಇಲ್ಲ. ಬರೆಯುವುದು ಮಾತ್ರ."

"ಹಾಗಾದರೆ ನಿಮಗೆ ಹೆದರಿಕೆ ಯಾಕೆ?"

"ಹಿಡಿಯುವುದನ್ನು ನೋಡುವುದಾದರೆ ಹೆದರಿಕೆ ಇರಲಿಲ್ಲ," ಎಂದ ನೋಣಯ್ಯ. "ಅದರಲ್ಲಿ ನೋಡಲಿಕ್ಕೆ ಏನೂ ಇಲ್ಲ."

ಬರೆಯುವುದರ ವಿಷಯ ನನಗೆ ಸ್ವಲ್ಪ ಗೊತ್ತಿತ್ತು. ನಾನು ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಒಮ್ಮೆ ಜಿತೇಶ್ ಮನೆಗೆ ತಂದಿದ್ದ ವಾರ್ಷಿಕ ಪಟ್ಟಿ ನೋಡಿದ್ದೆ. ಆ ವರ್ಷ ಠಾಣೆಯ ವ್ಯಾಪ್ತಿಯಲ್ಲಿ ಕಳವು ಆರು, ಕಳೆದುಹೋದದ್ದು ನೂರ ಎಪ್ಪತ್ತು. ಕಳೆದುಹೋದವುಗಳಲ್ಲಿ ಮೊಬೈಲು, ಬೈಕು, ಮೂರು ಪಂಪ್‌ಸೆಟ್ಟು, ಒಂದು ಎಮ್ಮೆ, ಒಂದು ಬೀಗ ಹಾಕಿದ ಅಂಗಡಿಯ ಒಳಗಿನ ಫ್ರಿಜ್ಜು ಇದ್ದವು. "ಇಷ್ಟು ಮರೆಗುಳಿಗಳು ಇಡೀ ಜಿಲ್ಲೆಯಲ್ಲಿ ಬೇರೆಲ್ಲೂ ಇರಲಿಕ್ಕಿಲ್ಲ," ಎಂದಿದ್ದೆ. ಜಿತೇಶ್ ನಕ್ಕು, "ನಾನು ಬರೆಯುವವ. ಬರೆಸುವವರು ಒಳಗೆ ಕೂತಿದ್ದಾರೆ," ಎಂದಿದ್ದ. ನಕ್ಕದ್ದು ಪೂರ್ತಿ ನಗೆಯಲ್ಲ.

ಕಳವು ಎಂದು ಬರೆದರೆ ಎಫ್‌ಐಆರ್ ಆಗಬೇಕು, ತನಿಖೆ ಆಗಬೇಕು, ಪತ್ತೆಯಾಗದಿದ್ದರೆ ಮೇಲಿನವರು ಕೇಳುತ್ತಾರೆ. ಕಳೆದುಹೋಗಿದೆ ಎಂದು ಬರೆದರೆ ಒಂದು ಚೀಟಿ ಕೊಟ್ಟು ಕಳಿಸಿದರೆ ಆಯಿತು. ಠಾಣೆಗೆ ಇನ್ನೊಂದು ಕ್ರಮವೂ ಇತ್ತು. ಯಾರೇ ಬಂದು ಏನೇ ಹೋಯಿತು ಎಂದರೂ ಮೊದಲು, "ಕೊರಗಜ್ಜನಿಗೆ ಹೇಳಿಕೊಳ್ಳಿ, ಮೂರು ದಿನ ನೋಡುವ," ಎನ್ನುವುದು. ನಮ್ಮ ಕಡೆ ಏನು ಕಳೆದರೂ ಜನ ಅಜ್ಜ ಎಂಬ ಈ ದೈವಕ್ಕೆ ಚಕ್ಕುಲಿ, ವೀಳ್ಯದ ಹರಕೆ ಹೇಳಿಕೊಳ್ಳುತ್ತಾರೆ. ಮೂರು ದಿನದಲ್ಲಿ ಅರ್ಧದಷ್ಟು ಜನರಿಗೆ ವಸ್ತು ಸಿಗುತ್ತಿತ್ತು. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಠಾಣೆಯ ಪತ್ತೆಯ ಪ್ರಮಾಣ ಇದಕ್ಕಿಂತ ಕಮ್ಮಿ.

"ತಂಡದವರು ಹತ್ತು ಎಂಟ್ರಿ ಆರಿಸಿದ್ದಾರೆ," ಎಂದ ನೋಣಯ್ಯ. "ದೂರು ಕೊಟ್ಟವರ ಮನೆಗೇ ಹೋಗಿ ಕೇಳ್ತಾರೆ, ನೀವು ಹೇಳಿದ್ದೇನು, ಇವರು ಬರೆದದ್ದೇನು ಅಂತ. ವ್ಯತ್ಯಾಸ ಇದ್ದರೆ ಬರೆದವನ ಹೆಸರು ವರದಿಗೆ ಹೋಗ್ತದೆ."

"ಬರೆದದ್ದು ನೀವಲ್ಲವಾ, ಮೂರು ವಾರದಿಂದ?"

ನೋಣಯ್ಯ ಟೋಪಿಯ ಒಳಗೆ ನೋಡಿದ. "ನನಗೆ ಲಾಗಿನ್ ಇಲ್ಲ ಅಕ್ಕ. ಕೇಳಿ ಬರೆದಿದ್ದೇವೆ, ಬಂದಿಲ್ಲ. ಜಿತೇಶ ಆಸ್ಪತ್ರೆಗೆ ಹೋಗುವಾಗ ಅವನದ್ದೇ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಕೊಟ್ಟ. ಎರಡು ದಿನಕ್ಕೆ ಅಂತ."

"ಏನು ಪಾಸ್‌ವರ್ಡ್?"

"ನಿಮ್ಮ ಹೆಸರು. ವಿಸ್ಮಿತಾ. ಅದರ ಮುಂದೆ ಒಂದು ಎರಡು ಮೂರು." ಅವನು ಬಲಗೈಯ ತೋರುಬೆರಳು ಎತ್ತಿ ತೋರಿಸಿದ. "ಈ ಒಂದು ಬೆರಳಿನಲ್ಲಿ ಹೊಡೆಯುತ್ತೇನೆ. ಈಗ ಕಣ್ಣು ಮುಚ್ಚಿಯೂ ಬರ್ತದೆ."

ಅಂದರೆ ಈ ಊರಿನಲ್ಲಿ ಮೂರು ವಾರದಿಂದ ಎಮ್ಮೆ ಹೋದರೂ ಮೊಬೈಲು ಹೋದರೂ ಮೊದಲು ನನ್ನ ಹೆಸರು ಬರೆದೇ ಮುಂದಿನ ಕೆಲಸ. ನಾನು ಲೋಟ ತೆಗೆದು ಒಳಗಿಟ್ಟು ಬಂದೆ.

"ಸಾಹೇಬರು ಏನು ಹೇಳ್ತಾರೆ?" ಎಂದು ಕೇಳಿದೆ.

"ಸಾಹೇಬರು…" ನೋಣಯ್ಯ ಎದ್ದು ನಿಂತ. "ಹೇಗೂ ಅವನ ಹೆಸರಲ್ಲೇ ಉಂಟಲ್ಲ, ಇರಲಿ. ಅವನಿಗೆ ಇನ್ನು ಬಡ್ತಿ ನಿಲ್ಲುವುದಿಲ್ಲ, ವರ್ಗ ಆಗುವುದಿಲ್ಲ ಅಂತ ಹೇಳ್ತಾರೆ. ಇರುವವರು ಬದುಕಬೇಕಲ್ಲ ಅಂತ. ಹೇಳಿ ಬಾ ಅಂತ ನನ್ನನ್ನು ಕಳಿಸಿದ್ದು. ಹೇಳಿದೆ."

ಅವನು ಗೇಟಿನವರೆಗೆ ಹೋಗಿ ತಿರುಗಿ ನಿಂತ. "ನನ್ನ ಮಗಳ ಮದುವೆಗೆ ಕರೆಯುವವರ ಇಡೀ ಪಟ್ಟಿ ಬರೆದುಕೊಟ್ಟದ್ದು ಅವನೇ," ಎಂದು, ಬೈಕು ಹತ್ತಿದ.

ಅತ್ತೆ ಜಗುಲಿಯಲ್ಲಿ ಕೂತೇ ಇದ್ದರು. "ವರದಿ ಅಂದರೆ ಎಷ್ಟು ಜನ ಓದ್ತಾರೆ ಅದನ್ನು?" ಎಂದು ಕೇಳಿದರು. ಯಾರೂ ಓದುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ನಾನು ಓದುತ್ತೇನೆ. ಅಂಥ ವರದಿಗಳನ್ನು ಓದುವುದೇ ನನ್ನ ಓದಾಗಿತ್ತು.

ಹನ್ನೊಂದು ಗಂಟೆಗೆ ಸಂಪತ್ತಣ್ಣ ಬಂದರು.

ಸಂಪತ್‌ಕುಮಾರರ ಮನೆ ನಮ್ಮ ಮನೆಯಿಂದ ಒಂದು ಗದ್ದೆ, ನೀರು ಹರಿಯುವ ಒಂದು ತೋಡು ಆಚೆ. ಸೊಸೈಟಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಈಗ ಮನೆಯ ಹತ್ತಿರದ ಚಿಕ್ಕ ಬಸದಿಯ ಬೀಗದ ಕೈ ಅವರಲ್ಲಿ ಇರುತ್ತದೆ, ಅಂದರೆ ಇರಬೇಕು. ಒಮ್ಮೆ ಮೂಡುಬಿದಿರೆಗೆ ಸ್ಕೂಟರಿನಲ್ಲಿ ಹೋಗಿ, ಬಸ್ಸಿನಲ್ಲಿ ವಾಪಸು ಬಂದು, ಮರುದಿನ ಸ್ಕೂಟರ್ ಕಳವಾಗಿದೆ ಎಂದು ಠಾಣೆಗೆ ಹೋದವರು. ಆ ದೂರನ್ನು ಜಿತೇಶ್ ಬರೆದುಕೊಳ್ಳಲಿಲ್ಲ. ಸಂಪತ್ತಣ್ಣನನ್ನು ತನ್ನ ಬೈಕಿನಲ್ಲಿ ಕೂರಿಸಿಕೊಂಡು ಮೂಡುಬಿದಿರೆಗೆ ಹೋಗಿ, ತರಕಾರಿ ಅಂಗಡಿಯ ಎದುರು ನಿಂತಿದ್ದ ಸ್ಕೂಟರಿನ ಮೇಲೆ ಅವರನ್ನು ಕೂರಿಸಿ ಬಂದಿದ್ದ.

ಆ ದಿನ ಅವರು ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದರು. ಎರಡು ನಿಮಿಷ ಮೌನವಾಗಿ ಕೂತರು. ಸಾವಿನ ಮನೆಯಲ್ಲಿ ಅಷ್ಟು ಕೂತ ಮೇಲೆ ಮಾತಾಡಬಹುದು ಎಂಬ ಲೆಕ್ಕ ಅವರ ಮುಖದಲ್ಲೇ ಕಾಣುತ್ತಿತ್ತು.

"ನನ್ನ ಕೊಡೆ ಏನಾದರೂ ಇಲ್ಲಿ ಉಂಟಾ ಮಗಾ? ಇರಲಿ, ಕೊಡೆ ದೊಡ್ಡ ವಿಷಯ ಅಲ್ಲ. ನಾಳೆ ನಮ್ಮ ಮನೆಗೆ ಬೆಂಗಳೂರಿನಿಂದ ಅಧಿಕಾರಿಗಳು ಬರ್ತಾರೆ. ಇಡೀ ಠಾಣೆಯಲ್ಲಿ ಹತ್ತು ಜನರನ್ನು ಆರಿಸಿದ್ದಾರೆ, ಅದರಲ್ಲಿ ನಾನೊಬ್ಬ."

"ಯಾವ ವಿಷಯಕ್ಕೆ?" ಎಂದರು ಅತ್ತೆ.

"ನನ್ನ ಏಣಿ ಕದ್ದಿದ್ದಾರೆ."

ಅತ್ತೆ ನನ್ನ ಮುಖ ನೋಡಿದರು. ಮತ್ತೆ ನಿಧಾನಕ್ಕೆ ಎದ್ದು, "ಚಾಪೆ ಒಣಗಿಸಲಿಕ್ಕೆ ಉಂಟು," ಎಂದು ಹಿಂದಿನ ಅಂಗಳಕ್ಕೆ ಹೋದರು.

"ಹದಿನಾಲ್ಕನೇ ತಾರೀಕು ಬಸದಿಯ ಗೇಟಿನ ಬಲ್ಬು ಹಾಕಲಿಕ್ಕೆ ನೋಡ್ತೇನೆ, ಏಣಿ ಇಲ್ಲ," ಎಂದರು ಸಂಪತ್ತಣ್ಣ. "ಠಾಣೆಗೆ ಹೋದೆ. ಜಿತೇಶ ಇದ್ದಿದ್ದರೆ ಸರಿಯಾಗಿ ಬರೀತಿದ್ದ. ಅವ ಪಾಪ ಆಸ್ಪತ್ರೆಯಲ್ಲಿ. ಈ ನೋಣಯ್ಯ, ಅಜ್ಜನಿಗೆ ಹೇಳಿಕೊಳ್ಳಿ ಸಂಪತ್ತಣ್ಣ ಅಂದ. ಹೇಳಿಕೊಂಡೆ, ಚಕ್ಕುಲಿ ಕೊಡ್ತೇನೆ ಅಂತ. ಆದರೂ ಬರೆದುಕೋ ಅಂದೆ. ಕಳೆದುಹೋಗಿದೆ ಅಂತ ಬರೆದ. ಹದಿನೆಂಟು ಅಡಿಯ ಏಣಿ ಎಲ್ಲಿ ಕಳೆದುಹೋಗ್ತದೆ? ಕಿಸೆಯಿಂದ ಬೀಳ್ತದಾ?"

ಪ್ರಶ್ನೆ ನ್ಯಾಯವಾದದ್ದೇ.

"ಸಂಪತ್ತಣ್ಣ," ಎಂದೆ. "ಆ ಏಣಿ…"

ಅವರು ಕೈ ಎತ್ತಿ ನನ್ನನ್ನು ತಡೆದರು. "ಏಣಿಯ ವಿಷಯ ನಾವು ಈಗ ಮಾತಾಡಬಾರದು. ಪರಿಶೀಲನೆಯಲ್ಲಿ ಉಂಟು. ಆದರೆ ನಿನಗೆ ಹೇಳ್ತೇನೆ, ನೀನು ಓದಿದವಳು. ನಾನು ಅವರನ್ನು ನೋಡಿದ್ದೇನೆ. ನಿನ್ನೆಯಿಂದ ಕೂತು ನೆನಪು ಮಾಡಿದೆ. ಇಬ್ಬರು ಇದ್ದರು. ಮುಂದೆ ಒಬ್ಬ, ಹಿಂದೆ ಒಬ್ಬ. ಈ ಗದ್ದೆಯ ಬದುವಿನಲ್ಲೇ ಹೋದರು. ಹೆಚ್ಚು ದೂರದವರಲ್ಲ."

ಹಿಂದಿನ ಅಂಗಳದಲ್ಲಿ ಏನೋ ಭಾರವಾದದ್ದು ನೆಲಕ್ಕೆ ಬಿದ್ದ ಸದ್ದಾಯಿತು.

"ಅತ್ತೆ ಚಾಪೆ ಕೊಡವುತ್ತಿದ್ದಾರೆ," ಎಂದೆ. ಅದು ನಾನು ಆ ತಿಂಗಳಿನಲ್ಲಿ ಹೇಳಿದ ಮೊದಲ ಸುಳ್ಳು.

ಸಂಪತ್ತಣ್ಣ ಹೋದ ಮೇಲೆ ಹಿಂದೆ ಹೋಗಿ ನೋಡಿದೆ. ಅತ್ತೆ ಏಣಿಯನ್ನು ಅಡ್ಡಲಾಗಿ ಎರಡು ಕಲ್ಲಿನ ಮೇಲೆ ಇಟ್ಟಿದ್ದರು. ಅದರ ಮೇಲೆ ಮನೆಯ ಎಲ್ಲ ಚಾಪೆ, ಎಲ್ಲ ಬೆಡ್‌ಶೀಟು, ನನ್ನ ಎರಡು ಸೀರೆ, ಕೊನೆಗೆ ಜಿತೇಶನ ಖಾಕಿ ಅಂಗಿ ಒಣಹಾಕಿದ್ದರು. ಅರುವತ್ತೆರಡು ವರ್ಷದ, ಒಬ್ಬರಿಂದ ಆಗುವುದಿಲ್ಲ ಎಂದು ಬೆಳಿಗ್ಗೆ ಹೇಳಿದ ಹೆಂಗಸು.

"ಈಗಲೇ ಹೋಗಿ ಹೇಳಿ ಬರುವ," ಎಂದೆ. "ಎರವಲು ತಂದದ್ದು. ಅದರಲ್ಲಿ ಏನುಂಟು?"

"ಯಾರು ಸಾಕ್ಷಿ? ನಿನಗೆ ಫೋನಿನಲ್ಲಿ ಹೇಳಿದವ ಇಲ್ಲ. ಕೊಟ್ಟವನಿಗೆ ನೆನಪಿಲ್ಲ. ಒಂದು ಕಡೆಯಿಂದ ಸುಳ್ಳು ಬರೆದವ ಅಂತಾರೆ, ಇನ್ನೊಂದು ಕಡೆಯಿಂದ ಏಣಿ ಕದ್ದವ ಅಂತಾರೆ." ಅವರು ಖಾಕಿ ಅಂಗಿಯ ತೋಳು ಸರಿಮಾಡಿದರು. "ನನ್ನ ಮಗ ಹದಿನೈದು ವರ್ಷ ಪೊಲೀಸಾಗಿದ್ದ. ಪೇಪರಿನಲ್ಲಿ ಒಮ್ಮೆ ಹೆಸರು ಬಂದದ್ದು ಮೊನ್ನೆ, ಶ್ರದ್ಧಾಂಜಲಿಯಲ್ಲಿ. ಅಷ್ಟು ಸಾಕು."

ಮರುದಿನ ಹತ್ತು ಗಂಟೆಗೆ ಸಂಪತ್ತಣ್ಣನ ಅಂಗಳದಲ್ಲಿ ಇಪ್ಪತ್ತು ಜನ ಸೇರಿದ್ದರು. ಏಣಿ ಕಳೆದುಕೊಂಡವನ ಮನೆಗೆ ಬೆಂಗಳೂರಿನಿಂದ ಜನ ಬರುವುದಾದರೆ ನೋಡಬೇಕಾದದ್ದೇ. ಅವರ ಹೆಂಡತಿ ಕಮಲಾವತಿಯಕ್ಕ ಬೆಳಿಗ್ಗೆ ಆರರಿಂದ ಕಡುಬು ಬೇಯಿಸಿದ್ದರು. ನಾನು ಆಸ್ಪತ್ರೆಯ ಫೈಲನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಅತ್ತೆ ನನ್ನ ಹಿಂದೆಯೇ ಬಂದರು. ನಾನು ಬಾಯಿ ತೆರೆದರೆ ಮುಚ್ಚಲಿಕ್ಕೆ ಅನುಕೂಲವಾಗುವಷ್ಟು ಹತ್ತಿರ.

ಬಂದವರು ಜಯಪ್ರಕಾಶ್ ಎಂಬ ಅಂಕಿಅಂಶದ ಅಧಿಕಾರಿ. ಐವತ್ತು ವರ್ಷ ಇರಬಹುದು, ಸಣ್ಣ ದನಿ, ಕೈಯಲ್ಲಿ ಟ್ಯಾಬ್. ಪಕ್ಕದಲ್ಲಿ ನೋಣಯ್ಯ. ಠಾಣೆಯ ಸಾಹೇಬರಿಗೆ ಆ ದಿನ ಬೇರೆ ಬಂದೋಬಸ್ತು ಇತ್ತು.

"ನೀವು ಠಾಣೇಲಿ ಏನು ಹೇಳಿದ್ರಿ ಸರ್? ನಿಮ್ಮ ಮಾತಲ್ಲೇ ಹೇಳಿ," ಎಂದರು ಜಯಪ್ರಕಾಶ್.

ಸಂಪತ್ತಣ್ಣ ಎದ್ದು ನಿಂತರು. ಜೀವನದಲ್ಲಿ ಮೊದಲ ಸಲ ಒಬ್ಬ ಸರ್ಕಾರಿ ಮನುಷ್ಯ ಅವರ ಮಾತನ್ನು ಅವರ ಮಾತಲ್ಲೇ ಕೇಳಿದ್ದ. ಅವರು ಏಣಿಯ ಹುಟ್ಟಿನಿಂದ ಸುರು ಮಾಡಿದರು. ಅದನ್ನು ಬೆಸುಗೆ ಹಾಕಿಸಿದ್ದು, ಬಣ್ಣ ಕೊಟ್ಟದ್ದು, ಅದರ ಮೇಲೆ ಹತ್ತಿ ಬಿದ್ದವರು. ಹಿಂದಿನ ದಿನ ಹದಿನೆಂಟು ಅಡಿ ಇದ್ದ ಏಣಿ ಅಂದು ಇಪ್ಪತ್ತೆರಡು ಅಡಿಯಾಯಿತು. ಹಿಂದಿನ ದಿನ ಬದುವಿನಲ್ಲಿ ನಡೆದುಹೋದ ಇಬ್ಬರಿಗೆ ಅಂದು ರಸ್ತೆಯಲ್ಲಿ ಒಂದು ಬಿಳಿ ಗಾಡಿ ಕಾಯುತ್ತಿತ್ತು.

ಜಯಪ್ರಕಾಶ್ ಎಲ್ಲವನ್ನೂ ಕೇಳಿ ನೋಣಯ್ಯನ ಕಡೆಗೆ ತಿರುಗಿದರು. "ಇಷ್ಟು ಹೇಳಿದ್ರೂ ಕಳೆದುಹೋಗಿದೆ ಅಂತ ಬರೆದಿದ್ದೀರಿ."

"ಇಷ್ಟು ಆಗ ಹೇಳಲಿಲ್ಲ ಸರ್. ಏಣಿ ಕಾಣುವುದಿಲ್ಲ ಅಂತ ಮಾತ್ರ ಹೇಳಿದರು. ಇವರ ಸ್ಕೂಟರ್ ಕೇಸ್ ನಮಗೆ ಗೊತ್ತಿತ್ತು."

"ಷರಾದಲ್ಲಿ 'ಅಜ್ಜನಿಗೆ ಹೇಳಿದೆ, ಮೂರು ದಿನ' ಅಂತಿದೆ. ಇದೇ ಥರ ಬೇರೆ ಅರುವತ್ತು ಎಂಟ್ರೀಲಿ ಇದೆ."

"ಕೊರಗಜ್ಜ, ಸರ್."

"ಗೊತ್ತು. ನಾನೂ ಕೈ ಮುಗಿದು ಬಂದಿದ್ದೀನಿ. ಆದರೆ ಅರುವತ್ತರಲ್ಲಿ ಮೂವತ್ತೊಂದು ಪತ್ತೆ ಅಂತ ಹಾಕಿದ್ದೀರಿ. ಠಾಣೆ ಪತ್ತೆ ಮಾಡಿದ್ದಾ, ಅಲ್ಲಾ…"

"ಠಾಣೆ ಅಲ್ಲ ಸರ್," ಎಂದ ನೋಣಯ್ಯ. ಆ ವಿಷಯದಲ್ಲಿ ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಅಂಗಳದಲ್ಲಿ ಯಾರೂ ನಗಲಿಲ್ಲ.

ಜಯಪ್ರಕಾಶ್ ಟ್ಯಾಬಿನಲ್ಲಿ ಬೆರಳು ಸರಿಸಿದರು. "ಇದನ್ನ ಎಂಟ್ರಿ ಮಾಡಿರೋದು ರೈಟರ್ ಜಿತೇಶ್. ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಹನ್ನೊಂದು ಹತ್ತು. ಅವರನ್ನ ಭೇಟಿ ಮಾಡ್ಬೇಕು ಅಂದೆ, ಲಭ್ಯರಿಲ್ಲ ಅಂತ ಠಾಣೆಯಿಂದ ಬರೆದು ಕೊಟ್ಟಿದ್ದಾರೆ. ಯಾವಾಗ ಲಭ್ಯ ಆಗ್ತಾರೆ?"

ಅಂಗಳ ಪೂರ್ತಿ ನನ್ನ ಕಡೆ ನೋಡಿತು. ಒಬ್ಬ ಮನುಷ್ಯ ಸತ್ತದ್ದನ್ನು ಊರಿಡೀ ತಿಳಿದಿರುವಾಗ ಹೊಸದಾಗಿ ಹೇಳುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ನೋಣಯ್ಯ ಟೋಪಿ ತೆಗೆದ.

"ಕೆಲಸಗಾರ ಮನುಷ್ಯ ಇರ್ಬೇಕು," ಎಂದು ಜಯಪ್ರಕಾಶ್ ಮುಂದುವರಿಸಿದರು. "ಒಂದು ದಿನ ತಪ್ಪಿಸಿಲ್ಲ. ನಿನ್ನೆ ಸಂಜೆ ನಾಲ್ಕಕ್ಕೂ ಎರಡು ಎಂಟ್ರಿ ಇದೆ."

ನಾನು ಫೈಲು ತೆಗೆದು ಅವರ ಕೈಗೆ ಕೊಟ್ಟೆ. "ನಾನು ಅವರ ಹೆಂಡತಿ. ಅವರು ಹತ್ತನೇ ತಾರೀಕಿಗೆ ಆಸ್ಪತ್ರೆ ಸೇರಿದ್ದು. ಹನ್ನೆರಡಕ್ಕೆ ವೆಂಟಿಲೇಟರ್. ಹತ್ತೊಂಬತ್ತಕ್ಕೆ ತೀರಿಕೊಂಡರು. ಮೊನ್ನೆ ಬೊಜ್ಜ ಆಯಿತು."

ಅವರು ಫೈಲನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು. ಅಂಕಿಅಂಶದವರು ಹಾಗೆಯೇ, ನಡುವಿನ ಪುಟ ಬಿಡುವುದಿಲ್ಲ. ಮತ್ತೆ ಟ್ಯಾಬ್ ನೋಡಿದರು, ಎಣಿಸಿದರು.

"ತೀರಿಕೊಂಡ ಮೇಲೆ ಇಪ್ಪತ್ತಮೂರು," ಎಂದರು ಸಣ್ಣ ದನಿಯಲ್ಲಿ.

"ಅದು ನಾನು ಸರ್," ಎಂದ ನೋಣಯ್ಯ, ತೋರುಬೆರಳು ಎತ್ತಿ.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಅತ್ತೆ ನನ್ನ ಸೆರಗು ಹಿಡಿದು ಮನೆಯ ಕಡೆ 'ಹೋಗುವ' ಎಂಬಂತೆ ಒಮ್ಮೆ ಎಳೆದರು. ಹೋಗಬಹುದಿತ್ತು.

ಆದರೆ ಜಯಪ್ರಕಾಶ್ ಹೇಳಿದರು: "ಬರೆದೋರು ಯಾರು ಅನ್ನೋದು ಬೇರೆ. ದೂರುದಾರರು ನೋಡಿದ್ದೀನಿ ಅಂತಿದ್ದಾರೆ, ಇಬ್ಬರು ಅಂತಿದ್ದಾರೆ. ಇದು ಕಳವೇ. ಇವತ್ತೇ ಎಫ್‌ಐಆರ್ ಮಾಡಿ. ಬಿಳಿ ಗಾಡಿ ಅಂದ್ರಲ್ಲ, ಈ ಕಡೆ ಯಾರದಿದೆ?"

"ಶಾಮಿಯಾನದ ಸಲಾಂನದ್ದು ಉಂಟು," ಎಂದ ಹಿಂದಿನಿಂದ ಒಬ್ಬ. "ನಿನ್ನೆಯೂ ಈ ಕಡೆ ಬಂದಿತ್ತು. ಏನೇನೋ ಹೇರಿಕೊಂಡು ಹೋಯಿತು."

"ಹೌದು, ಬಿಳಿಯೇ," ಎಂದ ಇನ್ನೊಬ್ಬ. ಮೂರನೆಯವನಿಗೆ ಸಲಾಂನ ಗಾಡಿಯಲ್ಲಿ ಯಾವುದೋ ಉದ್ದದ ವಸ್ತು ಕಂಡ ನೆನಪೂ ಬಂತು. ನೋಣಯ್ಯ ಪೆನ್ನು ತೆಗೆದ.

"ಏಣಿ ನಮ್ಮ ಮನೆಯಲ್ಲಿ ಉಂಟು," ಎಂದೆ.

ಅತ್ತೆ ಸೆರಗು ಬಿಟ್ಟು ಮೆಟ್ಟಿಲಿನ ಮೇಲೆ ಕೂತರು.

"ಏಳನೇ ತಾರೀಕು ಭಾನುವಾರ ಜಿತೇಶ್ ತಂದದ್ದು. ಟ್ಯಾಂಕ್ ತೊಳೆಯಲಿಕ್ಕೆ. ಬೊಜ್ಜದ ದಿನ ಪಂದಲದ ಒಂದು ಕಂಬ ಅದೇ ಆಗಿತ್ತು. ಸಂಪತ್ತಣ್ಣ ಅದಕ್ಕೇ ಕೊಡೆ ನೇತು ಹಾಕಿ ಊಟಕ್ಕೆ ಕೂತಿದ್ದರು."

"ನನ್ನನ್ನು ಯಾರೂ ಕೇಳಲಿಲ್ಲ," ಎಂದರು ಸಂಪತ್ತಣ್ಣ. ಸುಳ್ಳು ಹೇಳುವ ಮುಖವಲ್ಲ ಅದು. ನಿಜವಾಗಿ ನೆನಪಿರಲಿಲ್ಲ. ಅದಕ್ಕೆ ಅದು ಹೆಚ್ಚು ಕಷ್ಟದ್ದು. ಅಂಗಳದಲ್ಲಿ ಪಿಸುಮಾತು ಎದ್ದಿತು. ಅತ್ತೆ ಹಿಂದಿನ ದಿನ ಹೆದರಿದ್ದು ಇದಕ್ಕೇ.

ನಾನು ಕೇಳಿದೆ: "ಸಂಪತ್ತಣ್ಣ, ಇಬ್ಬರು ಅಂದಿರಲ್ಲ. ಮುಂದಿನವ ಹೇಗಿದ್ದ?"

ಅವರು ಕಣ್ಣು ಮುಚ್ಚಿದರು. "ಮುಂದಿನವನ ಮುಖ ಕಾಣುವುದಿಲ್ಲ. ಬೆನ್ನು ಮಾತ್ರ. ನೀಲಿ ಬನಿಯನ್ನು. ಎತ್ತರದ ಜನ."

ಜಿತೇಶನ ಬನಿಯನ್ನು ನೀಲಿ. ಅಂಗಳದಲ್ಲಿ ಅದು ಗೊತ್ತಿದ್ದವರು ಇಬ್ಬರೇ.

"ಹಿಂದಿನವ?"

"ಹಿಂದಿನವ ಮಂಡಿನೋವಿನವ. ತೋಡಿನ ಕಾಲುಸಂಕ ದಾಟುವಾಗ ಅವನಿಗೆ ಕಷ್ಟ ಆಯಿತು. ಮುಂದಿನವ ನಿಂತ. ಹಿಂದಿನವ ಏಣಿ ಕೆಳಗಿಟ್ಟು ಮಂಡಿ ತಿಕ್ಕಿಕೊಂಡ. ಬಲಗಾಲಿನ ಮಂಡಿ."

ಜಯಪ್ರಕಾಶ್ ಟ್ಯಾಬಿನಿಂದ ತಲೆ ಎತ್ತಿದರು. "ಸರ್, ಇದನ್ನ ನೀವು ಎಲ್ಲಿ ನಿಂತು ನೋಡಿದ್ರಿ?"

"ಎಲ್ಲಿ ಅಂದರೆ…" ಸಂಪತ್ತಣ್ಣ ಯೋಚಿಸಿದರು. "ಮುಂದಿನವನ ಬೆನ್ನು ಕಾಣ್ತದೆ. ಹಾಗಾದರೆ ಅವನ ಹಿಂದೆ."

"ಎಷ್ಟು ಹಿಂದೆ?"

"ಹದಿನೆಂಟು ಅಡಿ," ಎಂದರು ಸಂಪತ್ತಣ್ಣ.

ಹೇಳಿ ಮುಗಿಸಿದ ಮೇಲೆ ಅವರ ಬಾಯಿ ಹಾಗೆಯೇ ತೆರೆದು ನಿಂತಿತು. ಅವರ ಬಲಗೈ ಅಷ್ಟು ಹೊತ್ತಿನಿಂದ ಬಲಮಂಡಿಯನ್ನು ತಿಕ್ಕುತ್ತಿದ್ದದ್ದನ್ನು ಇಪ್ಪತ್ತು ಜನ ನೋಡಿದರು. ಎಲ್ಲರಿಗಿಂತ ಕೊನೆಗೆ ಅವರೂ ನೋಡಿದರು.

ಒಳಗಿನಿಂದ ಕಮಲಾವತಿಯಕ್ಕನ ದನಿ ಬಂತು. "ಆ ಭಾನುವಾರ ಮಂಡಿಗೆ ಎಣ್ಣೆ ಬಿಸಿ ಮಾಡಿ ಕೊಟ್ಟೆ. ಎಲ್ಲಿ ಉಳುಕಿಸಿಕೊಂಡಿರಿ ಅಂತ ಕೇಳಿದರೆ ನೆನಪಿಲ್ಲ ಅಂತ ಹೇಳಿದಿರಿ."

"ಹೌದು ಮಾರಾಯ್ತಿ," ಎಂದರು ಸಂಪತ್ತಣ್ಣ, ಕೂರುತ್ತ. "ಹಿಂದಿನ ತುದಿ ನಾನೇ ಹಿಡಿದದ್ದು."

ಅತ್ತೆ ಮುಖ ಸೆರಗಿನಲ್ಲಿ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು. ಅಥವಾ ಎರಡೂ.

ಜಯಪ್ರಕಾಶರಿಗೆ ಈಗ ಬೇರೆ ಸಮಸ್ಯೆ ಎದುರಾಯಿತು. "ಕಳವು ಅಲ್ಲ. ಕಳೆದುಹೋಗಿದ್ದೂ ಅಲ್ಲ. ನನ್ನ ಹತ್ರ ಎರಡೇ ಕಾಲಂ ಇರೋದು." ಕಡುಬು ತಿನ್ನುತ್ತ ಯೋಚಿಸಿದರು. ಕೊನೆಗೆ ಷರಾದ ಜಾಗದಲ್ಲಿ ಒಂದೊಂದೇ ಅಕ್ಷರ ಹೊಡೆದು ಗಟ್ಟಿಯಾಗಿ ಓದಿದರು: "ದೂರುದಾರರ ನೆರವಿನಿಂದಲೇ ಸಾಗಿಸಲಾಗಿದೆ." ಆ ಠಾಣೆಯಲ್ಲಿ ಕಳೆದುಹೋಗಿದೆ ಎಂದು ಬರೆದ ನೂರಾರು ಎಂಟ್ರಿಗಳಲ್ಲಿ ಕಳವಲ್ಲ ಎಂದು ರುಜುವಾತಾದದ್ದು ಇದೊಂದೇ. ತಂಡ ಆರಿಸಿದ ಹತ್ತರಲ್ಲಿ ಬಿದ್ದದ್ದೂ ಅದೇ. ನಮ್ಮ ಸಂಖ್ಯಾಶಾಸ್ತ್ರದ ಪಠ್ಯಪುಸ್ತಕದಲ್ಲಿ ಮಾದರಿ ಆರಿಸುವಾಗಿನ ಇಂಥ ಎಡವಟ್ಟಿಗೇ ಒಂದು ಅಧ್ಯಾಯ ಉಂಟು.

ಹೊರಡುವಾಗ ಅವರು ನನ್ನ ಹತ್ತಿರ ಬಂದು ಫೈಲು ಕೊಟ್ಟರು. "ಮೇಡಂ, ಹತ್ತನೇ ತಾರೀಕಿನ ನಂತರದ್ದು ಒಂದೂ ಅವರದ್ದಲ್ಲ ಅಂತ ವರದೀಲಿ ಬರೀತೀನಿ. ಠಾಣೆಗೆ ಇನ್ನೊಂದು ಲಾಗಿನ್ ಯಾಕೆ ಕೊಟ್ಟಿಲ್ಲ ಅಂತಾನೂ ಬರೀತೀನಿ." ಸ್ವಲ್ಪ ತಡೆದರು. "ಅದಕ್ಕೂ ಹಿಂದಿನದ್ದು…"

ಪಂಪ್‌ಸೆಟ್ಟು, ಎಮ್ಮೆ, ಬೀಗ ಹಾಕಿದ ಅಂಗಡಿಯ ಫ್ರಿಜ್ಜು.

"ಅದು ಅವರೇ ಬರೆದದ್ದು," ಎಂದೆ. "ಮೇಲಿನವರು ಹೇಳಿ ಬರೆಸಿದ್ದು. ಆದರೂ ಬರೆದದ್ದು ಅವರೇ. ಅದು ಇರಲಿ."

"ಇರಲಿ ಅಂತೀರಾ?"

"ಬರೆಸಿದವರ ಹೆಸರೂ ಪಕ್ಕದಲ್ಲಿ ಇರಲಿ."

ಅವರು ತಲೆ ಆಡಿಸಿ ಜೀಪು ಹತ್ತಿದರು. ಬರೆಯುತ್ತಾರೋ ಇಲ್ಲವೋ, ವರದಿ ಬಂದ ಮೇಲೆ ನೋಡಬೇಕು.

ಜನ ಕರಗಿದ ಮೇಲೆ ಸಂಪತ್ತಣ್ಣ ನಮ್ಮ ಜೊತೆಗೇ ಬಂದರು. ಅತ್ತೆ ಮಾತಿಲ್ಲದೆ ಸೀರೆ, ಬೆಡ್‌ಶೀಟು, ಚಾಪೆ ಒಂದೊಂದೇ ತೆಗೆದರು. ಖಾಕಿ ಅಂಗಿಯನ್ನು ಮಡಚಿ ಕೈಯಲ್ಲಿ ಇಟ್ಟುಕೊಂಡರು. ಏಣಿಯ ಮೂರನೇ ಮೆಟ್ಟಿಲಿನಲ್ಲಿ ಕೊಡೆ ಇನ್ನೂ ಇತ್ತು.

"ಓ, ಇಲ್ಲಿ ಉಂಟಾ," ಎಂದರು ಸಂಪತ್ತಣ್ಣ, ಕೊಡೆಯ ವಿಷಯಕ್ಕೆ. "ಅಜ್ಜನಿಗೆ ಈಗ ಎರಡು ಪ್ಯಾಕೇಟು ಚಕ್ಕುಲಿ ಆಯಿತು."

"ಯಾರನ್ನಾದರೂ ಕರೀತೇನೆ," ಎಂದರು ಅತ್ತೆ. "ಗಂಡಸರು ಯಾರಾದರೂ ಬರಲಿ."

"ಬೇಡ," ಎಂದೆ. ಮುಂದಿನ ತುದಿ ನಾನು ಎತ್ತಿದೆ. ಹಿಂದಿನದ್ದನ್ನು ಸಂಪತ್ತಣ್ಣ ಹಿಡಿದರು. ಭಾರ ಇತ್ತು. ಗದ್ದೆಯ ಬದುವಿನಲ್ಲಿ ನಿಧಾನಕ್ಕೆ ಹೋದೆವು. ಹಿಂದಿನಿಂದ ಅವರು ಏನೋ ಹೇಳುತ್ತಲೇ ಇದ್ದರು, ಬಲಕ್ಕೆ, ಎಡಕ್ಕೆ, ಅಲ್ಲಿ ಕೆಸರು ಉಂಟು. ಸಂಕದ ಹತ್ತಿರ ಬಂದಾಗ ದನಿ ನಿಂತಿತು.

"ಇಲ್ಲಿ ಅವನು ನಿಂತದ್ದು," ಎಂದರು. "ನಾನು ಹೇಳದೆಯೇ ನಿಂತ."

ನಾನು ನಿಂತೆ. ಅವರು ಮಂಡಿ ತಿಕ್ಕಿಕೊಂಡರು. ಮತ್ತೆ ಎತ್ತಿದೆವು.

ಏಣಿಯನ್ನು ಅವರ ಕೊಟ್ಟಿಗೆಯ ಗೋಡೆಗೆ ಒರಗಿಸಿದೆವು. ಗೋಡೆಯಲ್ಲಿ ಅದರ ಎರಡು ಕಾಲಿನ ಗುರುತು ಇತ್ತು. ಸರಿಯಾಗಿ ಅಲ್ಲಿಗೇ ಕೂತಿತು. ಸಂಪತ್ತಣ್ಣ ಒಳಗೆ ಹೋಗಿ ಒಂದು ಸೀಮೆಸುಣ್ಣ ತಂದರು. ಇನ್ನು ಮುಂದೆ ಎಲ್ಲವನ್ನೂ ಬರೆದಿಡುತ್ತೇನೆ ಎಂದರು, ಇಲ್ಲದಿದ್ದರೆ ಕಮಲ ಮನೆಯಿಂದ ಹೊರಗೆ ಹಾಕುತ್ತಾಳೆ. ಗೋಡೆಯ ಮೇಲೆ 'ಏಣಿ ವಾಪಸು' ಎಂದು ಸೊಸೈಟಿಯ ಅಕ್ಷರದಲ್ಲಿ ಬರೆದು, ತಾರೀಕು ಹಾಕಿ, ತಿರುಗಿ ನೋಡಿದರು.

"ಕೊಟ್ಟದ್ದು ಯಾರು ಅಂತ ಹಾಕಲಿ ಮಗಾ? ನಿನ್ನ ಹೆಸರು ಹಾಕಲಾ?"

"ಅವರದ್ದು ಹಾಕಿ," ಎಂದೆ. "ತಂದದ್ದು ಅವರಲ್ಲವಾ."

ಅವರು ಹಾಕಿದರು. ಜಿತೇಶನ ಹೆಸರಿನಲ್ಲಿ ಆದ ಕೊನೆಯ ಎಂಟ್ರಿ ಅದು. ನಾನು ಪಕ್ಕದಲ್ಲಿ ನಿಂತು ನೋಡಿದೆ. ವಸ್ತು, ತಾರೀಕು, ಹೆಸರು, ಮೂರೂ ಸರಿ ಇದ್ದವು.